ಬೆಳಗಿನ ಗಂಡಸರು, ಮಧ್ಯಾಹ್ನದ ಹೆಂಗಸರು

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಪದರಕ್ಕನ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಪದರಕ್ಕ. ಮೂವತ್ತೊಂದು ವರ್ಷಗಳಿಂದ ಅವಳದ್ದು ಒಂದೇ ಕೆಲಸ. ಹೆಪ್ಪುಗಟ್ಟಿಸಿದ ಸ್ನಾಯುವಿನ ಚೂರನ್ನು ಪದರ ಪದರವಾಗಿ ಕೊಯ್ದು ಗಾಜಿನ ಸ್ಲೈಡಿನ ಮೇಲೆ ಕೂರಿಸುವುದು. ಅವಳ ಪದರ ಎಷ್ಟು ತೆಳುವೆಂದರೆ ಒಂದು ಕೂದಲಿನ ದಪ್ಪದಲ್ಲಿ ಹತ್ತು ಪದರಗಳು ಆರಾಮವಾಗಿ ಮಲಗಿ, ಹನ್ನೊಂದನೆಯದು ಬಂದರೆ ಕೊಂಚ ಸರಿದು ಜಾಗ ಕೊಡುತ್ತಿದ್ದವು. ಅದರೊಳಗಿನಿಂದ ದಿನಪತ್ರಿಕೆ ಓದಬಹುದು ಎನ್ನುವವರಿದ್ದರು. ಪಕ್ಕದ ವಿಭಾಗದ ಗುಮಾಸ್ತನಂತೂ ತಾನು ನಾಳಿನ ಪತ್ರಿಕೆಯನ್ನೇ ಓದಿದ್ದೇನೆಂದು ಆಣೆ ಮಾಡುತ್ತಿದ್ದ. ಅವಳು ಕೊಯ್ಯುತ್ತಿರುವಾಗ ಕೆಳಗಿನ ಮಹಡಿಯಲ್ಲಿ ಯಾರಿಗಾದರೂ ಸೀನು ಬಂದರೆ, ಅವರು ಮೂಗು ಹಿಡಿದುಕೊಂಡು ಗೇಟಿನಾಚೆ ಓಡಿ, ರಸ್ತೆಯಲ್ಲಿ ಸೀನಿ ಬರುತ್ತಿದ್ದರಂತೆ.

ಸೀಸೆ ತೊಳೆಯುವ ಕೆಲಸಕ್ಕೆಂದು ಸೇರಿದವಳು ಅವಳು. ಕೊಯ್ಯುವ ಯಂತ್ರದ ಮುಂದೆ ಆಗ ಕೂರುತ್ತಿದ್ದ ಮುದುಕನಿಗೆ ಕಣ್ಣು ಮಂಜಾದ ಮೇಲೆ, "ಬಾ ಇಲ್ಲಿ, ನೀನಾದ್ರೂ ಹರೀದೆ ತೆಗಿ ನೋಡೋಣ" ಎಂದು ಅವನೇ ಕೂರಿಸಿದ. ಯಂತ್ರವೆಂದರೆ ದೊಡ್ಡ ಪೆಟ್ಟಿಗೆ. ಒಳಗೆ ಕಲ್ಲೂ ನಡುಗುವಂಥ ಚಳಿ, ಒಂದು ಬ್ಲೇಡು. ಹೊರಗೆ ಒಂದು ಚಕ್ರ. ಚಕ್ರ ಒಂದು ಸುತ್ತು ತಿರುಗಿದರೆ ಒಳಗೆ ಒಂದು ಪದರ ಇಳಿಯುತ್ತದೆ. ಬೇಗ ತಿರುಗಿಸಿದರೆ ಹರಿಯುತ್ತದೆ, ನಿಧಾನಿಸಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಪದರಕ್ಕನ ಕೈಗೆ ಆ ವೇಗ ಯಾರೂ ಕಲಿಸದೆ ಬಂತು. ಮಗುವನ್ನು ತೊಟ್ಟಿಲಲ್ಲಿ ತೂಗುವ ವೇಗ ಎಂದು ಅವಳು ಹೇಳುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲವಾದ್ದರಿಂದ ಯಾರೂ ಮೇಲೆ ಪ್ರಶ್ನೆ ಕೇಳುತ್ತಿರಲಿಲ್ಲ.

ಅವಳ ಗಂಡ ಬಡಗಿ. ಮದುವೆಯಾದ ಹೊಸದರಲ್ಲಿ, "ನಾನು ಹಲಗೆ ಕೊಯ್ತೀನಿ, ನೀನು ಮನುಷ್ಯರನ್ನ ಕೊಯ್ತೀಯ, ನಮ್ಮನೇಲಿ ಜಗಳ ಆದ್ರೆ ಮಧ್ಯಸ್ಥಿಕೆಗೆ ಯಾರೂ ಬರಲ್ಲ ಬಿಡು" ಎಂದಿದ್ದ. ಯಾರೂ ಬಂದೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಆ ಪ್ರಯೋಗಾಲಯಕ್ಕೆ ಒಬ್ಬ ಸಂಶೋಧಕಿ ಬಂದಳು. ಮೂವತ್ತರ ಆಸುಪಾಸಿನವಳು, ಒಣಕಲು ಮೈ. ಅವಳು ತಿನ್ನುವುದನ್ನು ಕಂಡವರಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ದಿನವಿಡೀ ಚುಕ್ಕೆ ಎಣಿಸುತ್ತಿದ್ದಳಾದ್ದರಿಂದ ಎಣಿಕೆತಂಗಿ ಎಂಬ ಹೆಸರು ವಾರದೊಳಗೇ ಅಂಟಿಕೊಂಡಿತು. ಅವಳ ಪ್ರಶ್ನೆ ಇಷ್ಟು. ವಯಸ್ಸಾದಂತೆ ಗಂಡಸರ ಸ್ನಾಯುವೂ ಕರಗುತ್ತದೆ, ಹೆಂಗಸರ ಸ್ನಾಯುವೂ ಕರಗುತ್ತದೆ, ಆದರೆ ಒಂದೇ ಚಾಲಿನಲ್ಲಿ ಅಲ್ಲ. ಯಾಕೆ? ರಕ್ತದಲ್ಲಿ ಹಾರ್ಮೋನು ಹರಿದರೆ ಸಾಲದು. ಹರಿಯುವುದನ್ನು ಹಿಡಿದುಕೊಳ್ಳುವ ಕೊಕ್ಕೆಗಳು ಸ್ನಾಯುವಿನ ಕಣದಲ್ಲಿರಬೇಕು. ಬರವಣಿಗೆಯಲ್ಲಿ ಅವಕ್ಕೆ ಗ್ರಾಹಿ ಎನ್ನುತ್ತಾರೆ, ಬಾಯಲ್ಲಿ ರಿಸೆಪ್ಟರ್. ಗಂಡು ಹಾರ್ಮೋನೆಂದು ಹೆಸರು ಹೊತ್ತದ್ದು ಹೆಂಗಸರ ಮೈಯಲ್ಲೂ ಹರಿಯುತ್ತದೆ, ಹೆಣ್ಣು ಹಾರ್ಮೋನೆಂಬುದು ಗಂಡಸರ ಮೈಯಲ್ಲೂ ಹರಿಯುತ್ತದೆ, ಎರಡಕ್ಕೂ ಇಬ್ಬರಲ್ಲೂ ಕೊಕ್ಕೆಗಳಿವೆ. ಯಾರಲ್ಲಿ ಎಷ್ಟು ಎಂಬುದೇ ಎಣಿಕೆ.

ಇದಕ್ಕಾಗಿ ಐವತ್ತು ದಾಟಿದ ಹದಿನೆಂಟು ಗಂಡಹೆಂಡಿರ ಜೋಡಿ ಬೇಕಿತ್ತು. ಒಂದೇ ಮನೆ, ಒಂದೇ ಊಟ, ಒಂದೇ ಚಿಂತೆ. ತೊಡೆಯಿಂದ ಕಡಲೆಕಾಳಿನಷ್ಟು ಸ್ನಾಯು ತೆಗೆದು, ಗಂಡಸರದ್ದನ್ನು ಒಂದು ಪೆಟ್ಟಿಗೆಯಲ್ಲಿ, ಹೆಂಗಸರದ್ದನ್ನು ಇನ್ನೊಂದರಲ್ಲಿ ಹೆಪ್ಪುಗಟ್ಟಿಸಿ ಇಡುವುದು. ಹದಿನೇಳು ಜೋಡಿ ಸಿಕ್ಕಿ ಒಂದು ಸಿಗದಿದ್ದಾಗ ಪದರಕ್ಕ ಗಂಡನನ್ನು ಕರೆತಂದಳು. ಗಂಡಸರ ಪೆಟ್ಟಿಗೆಯಲ್ಲಿ ಹದಿನೆಂಟನೇ ನಂಬರು ಅವನು, ಹೆಂಗಸರ ಪೆಟ್ಟಿಗೆಯಲ್ಲಿ ಹದಿನೆಂಟನೇ ನಂಬರು ಅವಳು.

"ನನ್ನ ತೊಡೆ ನೀನೇ ಕೊಯ್ತೀಯೇನೇ?" ಎಂದು ಬಡಗಿ ಕೇಳಿದ.

"ಚೂರು ತೆಗೆಯೋದು ಡಾಕ್ಟ್ರು. ಆಮೇಲೆ ಕೊಯ್ಯೋದು ನಾನು."

"ಹಂಗಾದ್ರೆ ದಪ್ಪಗೆ ಕೊಯ್ಯಿ. ತೆಳುವಾಗಿ ಕೊಯ್ದು ನನ್ನ ಮರ್ಯಾದೆ ಕಳೀಬೇಡ."

ಎಣಿಕೆ ಮುಗಿಯಲು ಮೂರು ವರ್ಷ ಹಿಡಿಯಿತು. ಮೂವತ್ತಾರು ಜನರ ಸ್ನಾಯುವಿನ ಪದರಗಳಿಗೆ ಒಂದು ದ್ರಾವಣ ಹಾಕಿದರೆ, ಗ್ರಾಹಿಗಳಿದ್ದಲ್ಲಿ ಮಾತ್ರ ಅದು ಕಚ್ಚಿಕೊಂಡು ಕಂದು ಚುಕ್ಕೆಯಾಗುತ್ತದೆ. ಎಣಿಸುವವಳಿಗೆ ಯಾವುದು ಗಂಡಿನದು ಯಾವುದು ಹೆಣ್ಣಿನದು ಎಂದು ತಿಳಿಯಬಾರದೆಂದು ಸ್ಲೈಡುಗಳ ಹೆಸರು ಮುಚ್ಚಿ ಗುಪ್ತ ಅಕ್ಷರ ಅಂಟಿಸುತ್ತಿದ್ದರು. ಆ ಅಕ್ಷರಗಳ ಪಟ್ಟಿ ದೊಡ್ಡಸರ್ ಬೀರುವಿನಲ್ಲಿ. ದೊಡ್ಡಸರ್ ಎಂದರೆ ಪ್ರಯೋಗಾಲಯದ ಮುಖ್ಯಸ್ಥರು. ಮೂರು ಸಲ ಯೋಚಿಸದೆ ಗಡಿಯಾರ ಕೂಡ ನೋಡದ ಮನುಷ್ಯ. ಪಟ್ಟಿ ತೆರೆದ ದಿನ ಅವರು ಕೂಡ ಕುರ್ಚಿಯಿಂದ ಎದ್ದು ನಿಂತರು. ಗಂಡು ಹಾರ್ಮೋನನ್ನು ಹಿಡಿಯುವ ಚುಕ್ಕೆಗಳು ಹೆಂಗಸರಲ್ಲಿ ಗಂಡಸರಿಗಿಂತ ಮೂರರಲ್ಲೊಂದು ಪಾಲು ಕಡಿಮೆ. ಎಳ್ಳಷ್ಟೂ ಸಂಶಯಕ್ಕೆ ಎಡೆಯಿಲ್ಲದ ಅಂತರ. ಎಣಿಕೆತಂಗಿ ಪ್ರಬಂಧ ಬರೆದಳು, ನೀಲಿ ರಟ್ಟು ಹಾಕಿಸಿದಳು. ಡಾಕ್ಟರೇಟಿನ ಮೌಖಿಕ ಪರೀಕ್ಷೆಗೆ ತಾರೀಕು ಗೊತ್ತಾಯಿತು. ಒಂದು ವಿಜ್ಞಾನ ಪತ್ರಿಕೆಯವರು ಲೇಖನವನ್ನು ಒಪ್ಪಿಕೊಂಡು, ಗಂಡಸರ ಸ್ಲೈಡಿನದು ಇನ್ನೊಂದು ಸ್ಪಷ್ಟ ಚಿತ್ರ ಕಳಿಸಿ ಎಂದು ಮಾತ್ರ ಕೇಳಿದರು.

ಆ ಒಂದು ಚಿತ್ರ ಮನೆ ಮುರಿಯಿತು.

ಪರೀಕ್ಷೆಗೆ ಇನ್ನು ಹನ್ನೆರಡು ದಿನ. ಅಂದು ಬೆಳಿಗ್ಗೆ ಯಂತ್ರದೊಳಗಿನ ಹಿಮ ಕರಗಿಸಲು ಬಿಟ್ಟಿದ್ದರಿಂದ ಪದರಕ್ಕ ಚಕ್ರ ಹಿಡಿದದ್ದು ಮಧ್ಯಾಹ್ನ ಮೂರಕ್ಕೆ. ಗಂಡಸರ ಪೆಟ್ಟಿಗೆ ತೆರೆದು, ಪರರ ತೊಡೆಗೇಕೆ ತೊಂದರೆ ಎಂದುಕೊಂಡು ತನ್ನ ಗಂಡನ ಹದಿನೆಂಟನೇ ನಂಬರಿನಿಂದಲೇ ಒಂದು ಪದರ ತೆಗೆದಳು. ಬೇರೆ ಕೆಲಸಕ್ಕೆಂದು ಬೆಳಿಗ್ಗೆ ಕಲಸಿಟ್ಟ ಅದೇ ಬಗೆಯ ದ್ರಾವಣ ಮೇಜಿನ ಮೇಲಿತ್ತು, ಅದನ್ನೇ ಹಾಕಿದಳು. ಮರುದಿನ ಸ್ಲೈಡನ್ನು ಎಣಿಕೆತಂಗಿಯ ಮುಂದಿಟ್ಟಳು.

ಎಣಿಕೆತಂಗಿ ಕಣ್ಣಿಟ್ಟು ನಕ್ಕಳು. "ಅಕ್ಕಾ, ಪೆಟ್ಟಿಗೆ ತಪ್ಪಿದೆ. ಇದು ಹೆಂಗಸರದ್ದು."

"ಅಲ್ಲಮ್ಮ. ಇದು ನಮ್ಮನೆಯವರದ್ದು."

"ಹಂಗಾದ್ರೆ ಅವರನ್ನ ಮನೇಲಿ ಇನ್ನೊಂದ್ಸಲ ಸರಿಯಾಗಿ ನೋಡ್ಕೊಳ್ಳಿ. ಇಷ್ಟು ತೆಳು ಬಣ್ಣ ಹೆಂಗಸರಲ್ಲಿ ಮಾತ್ರ ಬರೋದು."

ಪದರಕ್ಕನೂ ನಕ್ಕಳು. ನಕ್ಕು, ಸ್ಲೈಡನ್ನು ಜೇಬಿಗೆ ಹಾಕಿಕೊಂಡು, ತನ್ನ ಕೋಣೆಗೆ ಬಂದು ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತಳು. ಕೂತವಳ ಬೆನ್ನಿನಲ್ಲಿ, ಯಂತ್ರದ ಬಾಗಿಲು ಮುಚ್ಚಿದ್ದರೂ, ಅದರೊಳಗಿನ ಚಳಿ ಒಂದೊಂದೇ ಮೂಳೆಯಾಗಿ ಹತ್ತುತ್ತ ಬಂತು.

ಯಾಕೆಂದರೆ ಅವಳಿಗೊಂದು ಪದ್ಧತಿಯಿತ್ತು. ಪೆಟ್ಟಿಗೆಯ ಮುಚ್ಚಳ ತೆರೆದಾಗಲೆಲ್ಲ ಬಿಸಿಗಾಳಿ ನುಗ್ಗಿ ಚೂರುಗಳು ಹಾಳಾಗುತ್ತವೆ. ಎರಡು ಪೆಟ್ಟಿಗೆಗಳನ್ನು ದಿನವೆಲ್ಲ ತೆರೆದು ಮುಚ್ಚುವುದಕ್ಕಿಂತ, ಒಂದೊಂದನ್ನು ಒಂದೊಂದೇ ಸಲ ತೆರೆಯುವುದು ಮೇಲು. ಫ್ರೀಜರಿನ ಮೇಲಿನ ಗೂಡಿನಲ್ಲಿದ್ದದ್ದು ಗಂಡಸರ ಪೆಟ್ಟಿಗೆ, ಅದನ್ನು ಬೆಳಿಗ್ಗೆ ತೆಗೆಯುತ್ತಿದ್ದಳು. ಊಟದ ಡಬ್ಬಿ ತೊಳೆದಿಟ್ಟು ಬಂದ ಮೇಲೆ ಕೆಳಗಿನ ಗೂಡಿನ ಹೆಂಗಸರ ಪೆಟ್ಟಿಗೆ. ಮೂರು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ದ್ರಾವಣ ಕಲಸುತ್ತಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ, ಇಡೀ ದಿನಕ್ಕೆ ಒಂದೇ ಸಲ. ದ್ರಾವಣ ಸರಿಯಿದೆಯೇ ಎಂದು ನೋಡುವ ಪರೀಕ್ಷಾ ಸ್ಲೈಡನ್ನು ಹಾಕುತ್ತಿದ್ದದ್ದು ದಿನದ ಮೊದಲ ಸರದಿಯಲ್ಲಿ. ಅದು ಯಾವಾಗಲೂ ಗಾಢ ಕಂದಾಗಿ, ಚೆಂದವಾಗಿಯೇ ಬರುತ್ತಿತ್ತು. ಮಧ್ಯಾಹ್ನದ ದ್ರಾವಣವನ್ನು ಯಾರೂ ಪರೀಕ್ಷಿಸಿರಲಿಲ್ಲ. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನಕ್ಕೆ ಎಲ್ಲಿಗೆ ಹೋಗುತ್ತದೆ?

ಎಲ್ಲಿಗೋ ಹೋಗುತ್ತಿತ್ತು. ಮೇಜಿನ ಮೇಲೆ ಕೂತು ಕೂತು ಸೋಲುತ್ತಿತ್ತು, ಆ ಸೋತ ದ್ರಾವಣವೇ ದಿನವೂ ಹೆಂಗಸರ ಪದರಗಳಿಗೆ ಬೀಳುತ್ತಿತ್ತು. ಎಣಿಸುವವಳ ಕಣ್ಣನ್ನು ಅಷ್ಟು ಜಾಗ್ರತೆಯಿಂದ ಕಟ್ಟಿದ್ದರು, ಕೊಯ್ಯುವವಳ ಗಡಿಯಾರವನ್ನು ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹೆಂಗಸರ ಪೆಟ್ಟಿಗೆಯಿಂದ ತನ್ನದೇ ಚೂರಿನ ಒಂದು ಪದರ ತೆಗೆದು, ಹೊಸದಾಗಿ ಕಲಸಿದ ದ್ರಾವಣ ಹಾಕಿದಳು. ಅದಕ್ಕೆ ಬಂದ ಬಣ್ಣ ನೋಡಿದರೆ ಪೈಲ್ವಾನನೊಬ್ಬ ಒಳಗೆ ಕೂತು ಮೀಸೆ ತಿರುವುತ್ತಿರುವಂತಿತ್ತು.

ಪದರಕ್ಕ ತನ್ನ ಜೀವಮಾನವಿಡೀ ಹೆಂಗಸರಿಗೆ ಕಸುವು ಕಡಿಮೆ ಎನ್ನುವವರ ಜೊತೆ ಜಗಳ ಕಾದವಳು. ಅನಿಲದ ಸಿಲಿಂಡರನ್ನು ಮೆಟ್ಟಿಲ ಮೇಲೆ ತಾನೇ ಹೊತ್ತು ತಂದು, ಹೊರಲು ಬಂದಿದ್ದ ಇಬ್ಬರು ಗಂಡಸರನ್ನು ಮೇಲಕ್ಕೆ ಕರೆದು ನೀರು ಕೊಟ್ಟು ಕಳಿಸಿದವಳು. ಈಗ ಅವಳೇ ಕಣ್ಣು ಮುಚ್ಚಿ ದೇವರನ್ನು ಬೇಡಿಕೊಂಡಳು. ಇಷ್ಟೊಂದು ವ್ಯತ್ಯಾಸ ಮಾಡಿದ್ದೀಯಲ್ಲ, ಗಡ್ಡದಲ್ಲಿ ಮಾಡಿದೆ, ಗಂಟಲಲ್ಲಿ ಮಾಡಿದೆ, ಈ ಒಂದು ಚುಕ್ಕೆಯಲ್ಲೂ ಇರಲಿ. ನಮ್ಮಲ್ಲಿ ಕಡಿಮೆಯೇ ಇರಲಿ. ಆ ಹುಡುಗಿಯ ನಾಲ್ಕು ವರ್ಷ ಉಳಿಯಲಿ.

ಹೇಳಬೇಕಿತ್ತು. ಆ ದಿನವೇ, ಆ ಗಳಿಗೆಯೇ. ಹೇಳಲೆಂದು ಎರಡು ಸಲ ಎಣಿಕೆತಂಗಿಯ ಬಾಗಿಲಿಗೆ ಹೋದಳು. ಮೊದಲ ಸಲ ಅವಳು ಖಾಲಿ ಕುರ್ಚಿಗಳಿಗೆ ಪಾಠ ಒಪ್ಪಿಸುತ್ತಿದ್ದಳು. "ಪರೀಕ್ಷಕರು ಇಲ್ಲಿ ಕೂರ್ತಾರೆ ಅಂತ ಇಟ್ಕೊಳ್ಳಿ ಅಕ್ಕಾ. ನಾನು ಕೈ ಎಲ್ಲಿಟ್ಕೊಳ್ಲಿ?" ಎರಡನೇ ಸಲ ಅವಳು ಬ್ರೆಡ್ಡು ತಿನ್ನುತ್ತಿದ್ದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಏನಾದರೂ ತಿನ್ನುವುದನ್ನು ಕಂಡ ಪದರಕ್ಕ ಬಾಗಿಲಲ್ಲೇ ನಿಂತಳು. "ಏನಕ್ಕಾ?" ಎಂದರೆ "ಏನಿಲ್ಲ, ತಿನ್ನು" ಎಂದು ಬಂದಳು.

ಬಂದು ಲೆಕ್ಕ ಹಾಕಿದಳು. ಮೂವತ್ತಾರು ಚೂರುಗಳಲ್ಲಿ ಬಹುಪಾಲು ಸವೆದಿದ್ದವು. ಕೆಲವಲ್ಲಿ ನಾಲ್ಕು ಪದರ ಬರಬಹುದು, ಕೆಲವಲ್ಲಿ ಎರಡು. ಎಲ್ಲರನ್ನೂ ಹೊಸದಾಗಿ ಕೊಯ್ದು, ಗಂಡು ಹೆಣ್ಣು ಬೆರೆಸಿ, ಒಂದೇ ಬಟ್ಟಲಿನ ಹೊಸ ದ್ರಾವಣದಲ್ಲಿ ಒಂದೇ ಹೊತ್ತಿಗೆ ಅದ್ದಿದರೆ ಸತ್ಯ ಗೊತ್ತಾಗುತ್ತದೆ. ಅಂತರ ಉಳಿದರೆ, ಸಣ್ಣದಾಗಿಯಾದರೂ ಉಳಿದರೆ, ಆಗ ನಗುತ್ತ ಹೇಳಬಹುದು. ಇಂಥದೊಂದು ಗಾಬರಿಯಾಗಿತ್ತಮ್ಮ, ಏನೂ ಆಗಿಲ್ಲ, ನೋಡು. ಉಳಿಯದಿದ್ದರೆ ಎಂಬುದನ್ನು ಅವಳು ಯೋಚಿಸಲಿಲ್ಲ. ಯೋಚನೆ ಅಲ್ಲಿಗೆ ಹೋದಾಗಲೆಲ್ಲ ಎದ್ದು ಬ್ಲೇಡು ಒರೆಸುತ್ತಿದ್ದಳು. ಆ ವಾರ ಅವಳು ಒರೆಸಿದ ಬ್ಲೇಡಿನ ಹೊಳಪಿಗೆ ಎದುರು ಕಟ್ಟಡದವರು ಪರದೆ ಎಳೆದುಕೊಂಡರು.

ಮೂರು ದಿನ ಕೊಯ್ದಳು. ಎಣಿಕೆ ಗಟ್ಟಿಯಾಗಲೆಂದು ಒಬ್ಬೊಬ್ಬರಲ್ಲಿ ಉಳಿದಿದ್ದ ಪದರಗಳನ್ನು ಬಹುತೇಕ ಪೂರ್ತಿ ತೆಗೆದು ಒಂದೊಂದೇ ಸ್ಲೈಡಿನ ಮೇಲೆ ಕೂರಿಸಿದಳು. ಒಂದು ಗಂಡು, ಒಂದು ಹೆಣ್ಣು, ಎರಡು ಹೆಣ್ಣು, ಒಂದು ಗಂಡು. ಪೆಟ್ಟಿಗೆಗಳ ಮುಚ್ಚಳ ತೆರೆದದ್ದು ಮುಚ್ಚಿದ್ದು ಲೆಕ್ಕವಿಲ್ಲ. ಕೈ ಎಂದಿನಂತೆಯೇ ತಿರುಗಿತು, ಒಂದು ಪದರವೂ ಹರಿಯಲಿಲ್ಲ. ಚೂರುಗಳು ಒಂದೊಂದಾಗಿ ಮುಗಿಯುತ್ತ ಬಂದವು. ಚೂರನ್ನು ಅಂಟಿಸುವ ಲೋಹದ ಗುಂಡಿಯ ಮೇಲೆ ಬರೀ ಅಂಟು ಉಳಿದಾಗ ಬ್ಲೇಡಿನ ಸದ್ದು ಬದಲಾಗುತ್ತದೆ. ಆ ಸದ್ದನ್ನು ಮೂರು ದಿನದಲ್ಲಿ ಮೂವತ್ತು ಸಲ ಕೇಳಿದಳು. ಭಾನುವಾರ ಹೊತ್ತಿಗೆ ಎಲ್ಲ ಸ್ಲೈಡುಗಳೂ ಕಂದುಬಣ್ಣ ಹೊತ್ತು ತಟ್ಟೆಯಲ್ಲಿ ಸಾಲಾಗಿ ಕೂತಿದ್ದವು.

ಎಣಿಸುವವರು ಯಾರು? ಅವಳು ಎಣಿಸುವಂತಿರಲಿಲ್ಲ. ಯಾವುದು ಯಾರದ್ದೆಂದು ಗೊತ್ತಿದ್ದವಳು, ಬೇಕೆಂದದ್ದನ್ನು ಕಾಣುವಷ್ಟು ಕಂಗೆಟ್ಟವಳು. ಭಾನುವಾರ ಬೆಳಿಗ್ಗೆ ಗಂಡನನ್ನು ಎಬ್ಬಿಸಿ ಪ್ರಯೋಗಾಲಯಕ್ಕೆ ಕರೆತಂದಳು. ಅವನು ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಬಂದ.

"ರೀ, ಇದರಲ್ಲಿ ಕಣ್ಣಿಡಿ. ಮರದ ಅಡ್ಡಕೊಯ್ತ ಅಂತ ತಿಳ್ಕೊಳ್ಳಿ. ಅಂಚಿನಲ್ಲಿ ಕಂದು ಚುಕ್ಕೆ ಕಾಣುತ್ತಲ್ಲ, ಅವು ಗಂಟುಗಳು. ಎಷ್ಟಿವೆ ಎಣಿಸಿ."

ಬಡಗಿ ಒಂದು ಕಣ್ಣು ಮುಚ್ಚಿ ನೋಡಿದ. ಬಹಳ ಹೊತ್ತು ನೋಡಿದ. "ಏನೇ ಇದು, ನೆಲಕ್ಕೆ ಹಾಸುಗಲ್ಲು ಹಾಸಿದಂಗಿದೆ. ಯಾರು ಮಾಡಿದ್ದು, ಒಳ್ಳೆ ಕೆಲಸಗಾರ."

"ಮಾಡಿದವರ ಮಾತು ಆಮೇಲೆ. ಗಂಟು ಎಣಿಸಿ."

"ತಿಳಿಗಂಟು ಸೇರಿಸ್ಬೇಕಾ, ಕರಿಗಂಟು ಮಾತ್ರಾನಾ?"

ಎಣಿಕೆತಂಗಿ ಮೊದಲ ವರ್ಷ ಇದೇ ಪ್ರಶ್ನೆಯನ್ನು ದೊಡ್ಡಸರ್ ಬಳಿ ಕೇಳಿದಾಗ ಅವರು ಮೂರು ದಿನ ಯೋಚಿಸಿ ಉತ್ತರ ಕೊಟ್ಟಿದ್ದರು.

"ಕರಿಯದು ಮಾತ್ರ," ಎಂದಳು.

ಎಣಿಸಿದ. ಕೆಲಸ ಕೊಟ್ಟರೆ ಬಡಗಿ ಮನೆ ಹತ್ತಿ ಉರಿದರೂ ಅಳತೆ ಮುಗಿಸಿಯೇ ಏಳುವವನು. ಒಂದೊಂದು ಸ್ಲೈಡಿಗೂ ಹಲಗೆಯ ಮೇಲೆ ಗೀಟೆಳೆಯುವಂತೆ ಕಾಗದದ ಮೇಲೆ ಗೀಟೆಳೆದ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಹಿಡಿದು ಎದ್ದು, "ಮೂವತ್ತಾರು ಆಯ್ತು. ಮರ ಒಂದೇ ತೋಪಿನದು ಬಿಡು, ಅಂಥಾ ವ್ಯತ್ಯಾಸ ಏನಿಲ್ಲ" ಎಂದ.

ಪದರಕ್ಕ ಸ್ಲೈಡುಗಳಿಗೆ ತಾನು ಅಂಟಿಸಿದ್ದ ಗುಪ್ತ ಅಕ್ಷರಗಳನ್ನು ಹೊಂದಿಸಿ ಎರಡು ಸಾಲು ಮಾಡಿದಳು. ಗಂಡಸರ ಸಾಲು ಕೂಡಿದಳು. ಹೆಂಗಸರ ಸಾಲು ಕೂಡಿದಳು. ಇನ್ನೊಂದು ಸಲ ಕೂಡಿದಳು. ಅಂತರ ಇತ್ತು, ಆದರೆ ಕಿಟಕಿಯಿಂದ ಬಂದ ನೊಣವೊಂದು ಸ್ಲೈಡಿನ ಮೇಲೆ ಕೂತೆದ್ದು ಹೋದರೂ ಆಗುವಷ್ಟು ಅಂತರ.

"ಏನಾಯ್ತೇ?"

"ಹುಡುಗಿ ಹೋದಳು ಕಣ್ರೀ."

"ಎಲ್ಲಿಗೆ?"

ಬಡಗಿ ಪೆನ್ಸಿಲನ್ನು ಕಿವಿಯಿಂದ ತೆಗೆದು ನೋಡಿ, ತಾನೇ ಏನೋ ತಪ್ಪು ಎಣಿಸಿದೆನೇನೋ ಎಂಬಂತೆ ಅದನ್ನು ಜೇಬಿನಲ್ಲಿ ಬಚ್ಚಿಟ್ಟ.

ಸೋಮವಾರ ಎಣಿಕೆತಂಗಿ ಬರುವ ಮುಂಚೆಯೇ ಪದರಕ್ಕ ಅವಳ ಕೋಣೆಯಲ್ಲಿ ನಿಂತಿದ್ದಳು. ಪೀಠಿಕೆ ಹಾಕಲಿಲ್ಲ. ಪೆಟ್ಟಿಗೆ, ಗೂಡು, ಬೆಳಿಗ್ಗೆ, ಮಧ್ಯಾಹ್ನ, ದ್ರಾವಣ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಹೊಸ ಸ್ಲೈಡುಗಳ ತಟ್ಟೆಯನ್ನೂ ಬಡಗಿಯ ಗೀಟಿನ ಕಾಗದವನ್ನೂ ಮೇಜಿನ ಮೇಲಿಟ್ಟಳು.

ಎಣಿಕೆತಂಗಿ ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ. ಕಾಗದ ನೋಡಿದಳು. ಸೂಕ್ಷ್ಮದರ್ಶಕದಲ್ಲಿ ಒಂದು ಸ್ಲೈಡಿಟ್ಟು ನೋಡಿದಳು, ಇನ್ನೊಂದಿಟ್ಟಳು, ಮತ್ತೊಂದಿಟ್ಟಳು. ಹತ್ತು ನೋಡಿದ ಮೇಲೆ ತಲೆ ಎತ್ತಿದಳು.

"ಅಂದ್ರೆ ಮೂರು ವರ್ಷ ನಾನು ಎಣಿಸಿದ್ದು ಗಂಡಸರನ್ನೂ ಅಲ್ಲ, ಹೆಂಗಸರನ್ನೂ ಅಲ್ಲ. ನಿಮ್ಮ ಬೆಳಿಗ್ಗೆ, ನಿಮ್ಮ ಮಧ್ಯಾಹ್ನ."

"ಹೌದಮ್ಮ."

"ನೀವು ಊಟ ಮಾಡೋದು ಎಷ್ಟು ಹೊತ್ತಿಗೆ ಅನ್ನೋದರ ಮೇಲೆ ನಾನು ಇನ್ನೂರು ಪುಟ ಬರೆದಿದ್ದೀನಿ."

ತಮಾಷೆಯಂತಿದ್ದ ಆ ಮಾತಿಗೆ ಇಬ್ಬರೂ ನಗಲಿಲ್ಲ.

"ನನ್ನ ಮೇಲೆ ಹಾಕಮ್ಮ," ಎಂದಳು ಪದರಕ್ಕ. "ಬರೆದುಕೊಡ್ತೀನಿ. ತಪ್ಪು ನನ್ನದೇ ಅಂತ ಸಹಿ ಹಾಕ್ತೀನಿ. ಆರು ತಿಂಗಳಿಗೆ ನಿವೃತ್ತಿ, ನನ್ನನ್ನೇನು ಮಾಡ್ತಾರೆ?"

"ತಪ್ಪು ಯಾರದ್ದು ಅಂತ ಬರೀಬಹುದು. ಫಲಿತಾಂಶ ಏನು ಅಂತ ಬರೀಲಿ?" ಎಂದಳು ಎಣಿಕೆತಂಗಿ. ಆಮೇಲೆ ಏನೋ ಹೊಳೆದಂತೆ ಅವಳ ಮುಖದಲ್ಲಿ ರಕ್ತ ತಿರುಗಿ ಬಂತು. ಬಾಗಿಲ ಕಡೆ ಹೆಜ್ಜೆ ಹಾಕಿದಳು. "ಇರಿ. ಇರಿ ಅಕ್ಕಾ. ಚೂರುಗಳು ಉಳಿದಿವೆಯಲ್ಲ? ಹೆಣ್ಣು ಹಾರ್ಮೋನಿನ ರಿಸೆಪ್ಟರ್ ನಾವು ಮುಟ್ಟೇ ಇಲ್ಲ. ಒಬ್ಬೊಬ್ಬರಿಂದ ಒಂದೇ ಒಂದು ಪದರ ಸಾಕು. ಬೆರೆಸಿ ಕೊಯ್ಯೋಣ, ಒಂದೇ ಬಟ್ಟಲಲ್ಲಿ ಅದ್ದೋಣ. ಸರ್‌ಗೆ ಹೇಳಿ ಪರೀಕ್ಷೆ ಎರಡು ತಿಂಗಳು ಮುಂದಕ್ಕೆ ಹಾಕ್ಸಿದ್ರೆ ಆಗುತ್ತೆ. ಅದೇ ಪ್ರಬಂಧ, ಬೇರೆ ಅಧ್ಯಾಯ. ಆಗುತ್ತೆ. ಎಷ್ಟು ಪದರ ಉಳಿದಿವೆ?"

ಪದರಕ್ಕ ಮೇಜಿನ ಮೇಲಿನ ತಟ್ಟೆಯ ಅಂಚು ನೇರ ಮಾಡಿದಳು.

"ಅಕ್ಕಾ, ಎಷ್ಟು?"

"ಇಲ್ಲಮ್ಮ."

"ಕಡಿಮೆ ಇದ್ರೂ ಪರವಾಗಿಲ್ಲ."

"ಇಲ್ಲ. ಆರು ಜನರದ್ದು ಮಾತ್ರ ಒಂದೊಂದು ಇರಬಹುದು. ಉಳಿದವರದ್ದೆಲ್ಲ ಈ ತಟ್ಟೆಯಲ್ಲಿ ಮುಗೀತು."

ಎಣಿಕೆತಂಗಿ ತಟ್ಟೆಯನ್ನು ನೋಡಿದಳು. ಸಾಲು ಸಾಲಾಗಿ ಕಂದುಬಣ್ಣ ಹೊತ್ತ ಮೂವತ್ತಾರು ಸ್ಲೈಡುಗಳು. ಒಮ್ಮೆ ಬಣ್ಣ ಹೊತ್ತ ಪದರ ಇನ್ನೊಂದಕ್ಕೆ ಬಾರದು.

"ನನ್ನ ಒಂದು ಮಾತೂ ಕೇಳದೆ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ನಿನಗೆ ಗಾಬರಿ ಮಾಡ್ಬಾರ್ದು ಅಂತ..."

"ಶುಕ್ರವಾರ ಹೇಳಿದ್ರೆ ಇರ್ತಿತ್ತು. ಗುರುವಾರ ನನ್ನ ಬಾಗಿಲಿಗೆ ಬಂದ್ರಲ್ಲ, ಏನಿಲ್ಲ ತಿನ್ನು ಅಂದ್ರಲ್ಲ. ಅವತ್ತು ಹೇಳಿದ್ರೆ ಎಲ್ಲ ಇರ್ತಿತ್ತು."

ಮೂವತ್ತೊಂದು ವರ್ಷದಲ್ಲಿ ಪದರಕ್ಕನಿಗೆ ಬೈಗುಳ ಹೊಸದಲ್ಲ. ಒಬ್ಬ ಹಳೆಯ ಮುಖ್ಯಸ್ಥರು ಬೈದ ರಭಸಕ್ಕೆ ಗೋಡೆಯ ಸುಣ್ಣ ಉದುರಿ, ಅವಳು ಆ ಸುಣ್ಣವನ್ನು ಗುಡಿಸುತ್ತಲೇ ಬೈಸಿಕೊಂಡಿದ್ದಳು. ಎಣಿಕೆತಂಗಿ ಬೈಯಲಿಲ್ಲ. ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ದೊಡ್ಡಸರ್ ಕೋಣೆಯ ಕಡೆ ನಡೆದಳು. ಪದರಕ್ಕ ಹಿಂದೆ ಹೋದಳು. ಆ ಕಾರಿಡಾರು ಇಪ್ಪತ್ತು ಹೆಜ್ಜೆಯದು. ಅಂದು ಅದನ್ನು ದಾಟುವಷ್ಟರಲ್ಲಿ ಅವಳಿಗೆ ಇನ್ನೊಂದು ಸಲ ನಿವೃತ್ತಿಯ ವಯಸ್ಸಾಗಿ ಹೋಯಿತು.

ದೊಡ್ಡಸರ್ ಎಲ್ಲ ಕೇಳಿದರು. ಸ್ಲೈಡುಗಳಿಗೆ ತಾವೇ ಹೊಸ ಅಕ್ಷರ ಅಂಟಿಸಿ, ಇನ್ನೊಂದು ಸಲ ಎಣಿಸು ಎಂದು ಎಣಿಕೆತಂಗಿಗೇ ಕೊಟ್ಟರು. ಎರಡು ದಿನ ಎಣಿಸಿದಳು. ಅವಳ ಎಣಿಕೆಗೂ ಬಡಗಿಯ ಎಣಿಕೆಗೂ ಹೆಚ್ಚಿನ ಭೇದ ಬರಲಿಲ್ಲ. ಹೆಂಗಸರಲ್ಲಿ ಕಡಿಮೆ ಎನ್ನಲು ಆಧಾರವಿಲ್ಲ, ಸಮ ಎನ್ನಲು ಹದಿನೆಂಟು ಜೋಡಿ ಸಾಲದು. ಏನೂ ಹೇಳಲಾಗದು ಎಂಬುದಷ್ಟೇ ಹೇಳಬಹುದಾದದ್ದು.

ಬುಧವಾರ ಮೂವರೂ ಕೂತರು. ದೊಡ್ಡಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಒರೆಸಿ, ಹೇಳಿದರು. "ಲೇಖನ ವಾಪಸ್ ತಗೋಬೇಕು. ಪತ್ರ ನಾನು ಬರೀಬಹುದು. ಆದ್ರೆ ಮೊದಲ ಹೆಸರು ನಿನ್ನದು. ಪರೀಕ್ಷೆ ಮುಂದಕ್ಕೆ ಹೋಗೋದಲ್ಲ, ರದ್ದಾಗುತ್ತೆ. ಹೊಸ ಚೂರು, ಹೊಸ ಅನುಮತಿ, ಹೊಸ ಜನ. ಎರಡು ವರ್ಷ. ನಿನ್ನ ಫೆಲೋಶಿಪ್ ಮುಂದಿನ ತಿಂಗಳು ಮುಗಿಯುತ್ತೆ, ಅದು ನಿನಗೂ ಗೊತ್ತು." ನಿಲ್ಲಿಸಿದರು. ಕಿಟಕಿ ನೋಡಿದರು. "ಈ ಕೋಣೆಯಲ್ಲಿರೋ ಮೂರು ಜನ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅದೂ ನಿಜ. ನಾನು ಏನೂ ಹೇಳ್ತಿಲ್ಲ. ನೀನೇ ಹೇಳು."

ಪದರಕ್ಕ ಆ ಹುಡುಗಿಯ ಮುಖ ನೋಡಿದಳು. ಹೇಳಬೇಡ, ಎಂದು ಅವಳ ಮೈಯ ಒಂದೊಂದು ಕಣವೂ ಅರಚಿತು. ಸುಮ್ಮನಿರು, ಪರೀಕ್ಷೆಗೆ ಹೋಗು, ಪದವಿ ತಗೋ, ಆಮೇಲೆ ಯಾರಾದರೂ ಕಂಡುಹಿಡಿಯಲಿ, ಆಗ ನೋಡಿಕೊಂಡರಾಯಿತು. ಸತ್ಯ ಹೇಳಲೆಂದು ಬಂದವಳು ತಾನೇ, ಈಗ ಸುಳ್ಳು ಗೆಲ್ಲಲಿ ಎಂದು ಬಯಸುತ್ತಿರುವವಳೂ ತಾನೇ. ನಾಚಿಕೆಯಾಗಲಿಲ್ಲ. ನಾಚಿಕೆ ಪಡುವಷ್ಟು ಪುರಸೊತ್ತು ಎದೆಯಲ್ಲಿರಲಿಲ್ಲ.

"ಇದನ್ನ ನಂಬ್ಕೊಂಡು ಯಾರೋ ಹೆಂಗಸರಿಗೆ ಔಷಧದ ಪ್ರಮಾಣ ನಿಗದಿ ಮಾಡಿದ್ರೆ?" ಎಂದಳು ಎಣಿಕೆತಂಗಿ.

ದೊಡ್ಡಸರ್ ಕನ್ನಡಕ ಹಾಕಿಕೊಂಡರು.

"ಪತ್ರ ನಾನೇ ಬರೀತೀನಿ ಸರ್."

ಅಲ್ಲೇ, ಅವರ ಮೇಜಿನ ಮೇಲೇ ಬರೆದಳು. ಒಂಬತ್ತು ಸಾಲು. ಕೊಯ್ದವರ ಹೆಸರು ಅದರಲ್ಲಿರಲಿಲ್ಲ. "ನಮ್ಮ ಕಾರ್ಯವಿಧಾನದಲ್ಲಿ" ಎಂದಷ್ಟೇ ಇತ್ತು. ಪದರಕ್ಕ ಅದನ್ನೋದಿ, ತನ್ನ ಹೆಸರು ಇದ್ದಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ ಎಂದುಕೊಂಡಳು. ಅನಿಲದ ಸಿಲಿಂಡರು ಹೊತ್ತವಳಿಗೆ ಆ ಒಂದು ಹಾಳೆಯನ್ನು ಎತ್ತಿ ವಾಪಸು ಕೊಡಲಾಗಲಿಲ್ಲ, ಮೇಜಿನ ಮೇಲೇ ತಳ್ಳಿದಳು.

ಪರೀಕ್ಷೆಗೆ ಗೊತ್ತಾಗಿದ್ದ ದಿನ ಪರೀಕ್ಷೆ ನಡೆಯಲಿಲ್ಲ. ಅಂದು ಬೆಳಿಗ್ಗೆ ಪದರಕ್ಕ ತನ್ನ ಕೋಣೆಗೆ ಬಂದಾಗ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಎಣಿಕೆತಂಗಿ ಕೂತಿದ್ದಳು. ಮಾಂಸದ ಅಂಗಡಿಯಿಂದ ತಂದ ಒಂದು ತುಂಡನ್ನು ಹೆಪ್ಪುಗಟ್ಟಿಸಿ ಗುಂಡಿಗೆ ಅಂಟಿಸಿದ್ದಳು. ಚಕ್ರ ಹಿಡಿದಿದ್ದಳು. ಬ್ಲೇಡಿನ ಕೆಳಗೆ ಹರಿದ ಪದರಗಳ ರಾಶಿ ಬಿದ್ದಿತ್ತು. ತರಕಾರಿ ಸಿಪ್ಪೆಯಂತಿದ್ದವು ಕೆಲವು, ಚಪ್ಪಲಿ ಹೊಲಿಯಬಹುದಾದಷ್ಟು ದಪ್ಪ ಕೆಲವು.

"ಎಷ್ಟೊತ್ತಿಗೆ ಬಂದೆಯಮ್ಮ?"

ಚಕ್ರ ತಿರುಗಿತು. ಪದರ ಸುರುಳಿ ಸುತ್ತಿಕೊಂಡು ಉರುಳಿಬಿತ್ತು.

"ಫೆಲೋಶಿಪ್ಪು..."

"ಸಂಜೆ ರಕ್ತ ಪರೀಕ್ಷೆ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ. ಬೆಳಿಗ್ಗೆ ಇಲ್ಲಿಗೆ ಬರ್ತೀನಿ," ಎಂದಳು ಎಣಿಕೆತಂಗಿ, ಬ್ಲೇಡಿನಿಂದ ಕಣ್ಣೆತ್ತದೆ. "ಮುಂದಿನ ಸಲ ಕೊಯ್ಯೋದು ನಾನೇ. ಎಣಿಸೋದು ಬೇರೆ ಯಾರಾದ್ರೂ ಎಣಿಸ್ಲಿ."

ಇನ್ನೊಂದು ಸುತ್ತು. ಹರಿಯಿತು. ವೇಗ ತಪ್ಪು, ಮೊಣಕೈ ತಪ್ಪು, ಹಿಡಿತ ತಪ್ಪು, ಬ್ಲೇಡಿನ ಓರೆ ತಪ್ಪು. ಅಷ್ಟೊಂದು ತಪ್ಪುಗಳನ್ನು ಒಂದೇ ಸುತ್ತಿನಲ್ಲಿ ಮಾಡಲು ಸಾಮಾನ್ಯರಿಗೆ ಹತ್ತು ವರ್ಷದ ಅಭ್ಯಾಸ ಬೇಕು. ಪದರಕ್ಕನ ಕೈ ತಾನೇ ತಾನಾಗಿ ಮುಂದೆ ಹೋಗಿ ಆ ಹುಡುಗಿಯ ಕೈಯ ಮೇಲೆ, ಚಕ್ರದ ಹಿಡಿಯ ಮೇಲೆ ಕೂತಿತು.

"ಮುಟ್ಟಬೇಡಿ."

ಕೈ ಹಿಂದಕ್ಕೆ ಬಂತು. ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಇನ್ನೊಂದು ಕೈಯಿಂದ ಬೆನ್ನ ಹಿಂದೆ ಹಿಡಿದುಕೊಂಡು ಪದರಕ್ಕ ಗೋಡೆಗೆ ಒರಗಿ ನಿಂತಳು. ಚಕ್ರ ತಿರುಗಿತು. ಹರಿಯಿತು. ಮತ್ತೆ ತಿರುಗಿತು. ಮತ್ತೆ ಹರಿಯಿತು. ಹನ್ನೊಂದನೆಯದು ಹರಿದ ಮೇಲೆ ಎಣಿಕೆತಂಗಿ ಹಣೆಯನ್ನು ಯಂತ್ರದ ತಣ್ಣನೆಯ ಅಂಚಿಗೆ ಒತ್ತಿದಳು.

"ಹೇಳಿ," ಎಂದಳು, ತಲೆ ಎತ್ತದೆ. "ಬರೀ ಬಾಯಲ್ಲಿ."

ಪದರಕ್ಕ ಬಾಯಿ ತೆರೆದಳು. ಮೂವತ್ತೊಂದು ವರ್ಷ ಕೈಯಲ್ಲಿದ್ದದ್ದು ಬಾಯಿಗೆ ಎಂದೂ ಬಂದಿರಲಿಲ್ಲ. ಹೇಗೆ ಹೇಳುವುದು? "ಮೊದಲು ಭುಜ ಇಳಿಸು," ಎಂದಳು.

ಎಣಿಕೆತಂಗಿ ಭುಜ ಇಳಿಸಿದಳು.

"ಇನ್ನೂ ಇಳಿಸು. ಈಗ ತಿರುಗಿಸು. ಅಲ್ಲ, ಅಷ್ಟು ಬೇಗ ಅಲ್ಲ."

ಹರಿಯಿತು.